ಪರಪ್ಪ ಕಾಕಾ ಮುಗಿಸದೆ ಬಿಟ್ಟ ನ್ಯಾಯ

ಬೆಳಿಗ್ಗೆ ಆಫೀಸಿಗೆ ಬಂದು ಪರ್ಸು ಕೆಳಗಿಡುವ ಮೊದಲೇ ಫೋನು ಹೊಡೆದುಕೊಳ್ಳಲು ಶುರು ಮಾಡುತ್ತದೆ. "ಮೇಡಂ, ಲಿಫ್ಟ್ ಬಂದ್ ಹೈ!" ಮುಂಬಯಿಯ ಆಂಟಾಪ್ ಹಿಲ್‌ನಲ್ಲಿರುವ ಈ ಲಿಫ್ಟ್ ರಿಪೇರಿ ಕಂಪನಿಯಲ್ಲಿ ಕಂಪ್ಲೇಂಟ್ ತೆಗೆದುಕೊಳ್ಳುವವಳು ನಾನು, ಅನುರಾಧಾ. ಐದನೇ ಮಹಡಿಯ ಮುದುಕರ ಮಂಡಿನೋವು, ಗ್ಯಾಸ್ ಸಿಲಿಂಡರ್ ತಂದವನ ಗೊಣಗಾಟ, ಸೊಸೈಟಿ ಸೆಕ್ರೆಟರಿಯ ಸಿಟ್ಟು, ಎಲ್ಲವೂ ನನ್ನ ಕಿವಿಗೇ ಬಂದು ಬೀಳಬೇಕು. ಬೈಸಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ, ಅದಕ್ಕೇ ಸಂಬಳ ಕೊಡುತ್ತಾರೆ. ನನ್ನ ಮೈ ಉರಿಯುತ್ತಿದ್ದುದು ಬೇರೆ ಕಾರಣಕ್ಕೆ. ಹೋದ ವಾರ ರಿಪೇರಿಯಾದ ಲಿಫ್ಟೇ ಈ ವಾರ ಮತ್ತೆ ಕೆಡುತ್ತಿತ್ತು. ಅದೇ ಬಿಲ್ಡಿಂಗು, ಅದೇ ಸೆಕ್ರೆಟರಿ, ಅದೇ ಬೈಗುಳ. ಯಾಕೆ ಹೀಗೆ ಎಂದು ಕೇಳಿದರೆ ಮೆಕ್ಯಾನಿಕ್‌ಗಳು ನಕ್ಕು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟುಬಿಡುತ್ತಿದ್ದರು.

ಆ ಮೆಕ್ಯಾನಿಕ್‌ಗಳ ಮುಖ್ಯಸ್ಥರು ಪರಪ್ಪ ಕಾಕಾ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಹರೆಯದಲ್ಲಿ ಮುಂಬಯಿಗೆ ಬಂದು ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತರು. ಬುಟ್ಟಿ ಹೊತ್ತು ಮಹಡಿ ಏರುವಾಗ ಪಕ್ಕದಲ್ಲೇ ಲಿಫ್ಟ್ ಕೂಡಿಸುತ್ತಿದ್ದವರನ್ನು ನೋಡಿ, ಹತ್ತುವ ಕೆಲಸಕ್ಕಿಂತ ಹತ್ತಿಸುವ ಕೆಲಸವೇ ವಾಸಿ ಅನ್ನಿಸಿತಂತೆ. ಅವರ ಹಿಂದೆ ಮುಂದೆ ಸುಳಿದು, ಎಣ್ಣೆ ಡಬ್ಬಿ ಹಿಡಿದು, ಬೈಸಿಕೊಂಡು ಕೆಲಸ ಕಲಿತರು. ಈಗ ನಮ್ಮ ಕಂಪನಿಯ ಅರ್ಧ ಜನ ಅವರೇ ಊರ ಕಡೆಯಿಂದ ಕರೆತಂದು ಕೆಲಸ ಕಲಿಸಿದವರು. ರೂಮು ಹುಡುಕಿ ಕೊಟ್ಟವರೂ ಅವರೇ, ಮದುವೆ ಮಾತು ಮುಗಿಸಿದವರೂ ಅವರೇ.

ಮುಗಿಸುವುದು ಎಂದರೆ ಪರಪ್ಪ ಕಾಕಾ. ಅವರ ಬಿಲ್ಡಿಂಗಿನ ಹಿಂದೆ ನೀರಿನ ಟಾಕಿ ಇದೆ, ಅದಕ್ಕೊಂದು ಕಟ್ಟೆ. ಭಾನುವಾರ ಊಟವಾದ ಮೇಲೆ ಕಾಕಾ ಅಲ್ಲಿ ಕೂತರೆಂದರೆ ನಮ್ಮ ಮಂದಿಯ ಜಗಳಗಳೆಲ್ಲ ಅಲ್ಲಿಗೇ ಬರುತ್ತವೆ. ಗಂಡ ಹೊಡೆದ, ಅಣ್ಣ ಮಾತು ತಪ್ಪಿದ, ಪಕ್ಕದ ರೂಮಿನವಳು ನೀರು ಬಿಡುವುದಿಲ್ಲ. ಪದ್ಧತಿ ಒಂದೇ. ತಪ್ಪು ಮಾಡಿದವನು ಕಟ್ಟೆಯ ಕೆಳಗೆ ನೆಲದ ಮೇಲೆ ಕೂರಬೇಕು. "ಒಪ್ಕೋತಿಯೇನೊ?" ಎಂದು ಕಾಕಾ ಕೇಳುತ್ತಾರೆ. ಅವನು ಒಪ್ಪಿಕೊಂಡು ಕೈ ಮುಗಿದು ಎಲ್ಲರಿಗೂ ಚಹಾ ಭಜಿ ತರಿಸಬೇಕು. ಎಲ್ಲರೂ ಅವನ ಜೊತೆ ಕೂತು ತಿನ್ನಬೇಕು. ಕಾಕಾ "ಮುಗೀತು" ಅಂದರೆ ಮುಗಿಯಿತು, ಆ ಮಾತನ್ನು ಮತ್ತೆ ಯಾರೂ ಎತ್ತುವಂತಿಲ್ಲ. ಎಷ್ಟೋ ಸಂಸಾರಗಳು ಆ ಒಂದು ಮಾತಿನಿಂದ ಉಳಿದಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ನಮ್ಮ ಮಾಲೀಕರು ರಮಾನಾಥ ಸರ್, ಮಂಗಳೂರು ಕಡೆಯವರು. ಒಂದು ದಿನ ಅವರು ಬಾಂದ್ರಾದ ಯಾವುದೋ ಸಂಸ್ಥೆಯಿಂದ ಹರಿಣಿ ಎಂಬ ಹುಡುಗಿಯನ್ನು ಕರೆತಂದರು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಬರುತ್ತದೆ, ಆದರೆ ಮಾತಿಗೊಮ್ಮೆ ಎಡವುತ್ತದೆ. ಅವಳು ಮಾಡಲು ಬಂದದ್ದು ಕ್ರಿಯಾ ಸಂಶೋಧನೆಯಂತೆ. ಹೆಸರು ಕೇಳಿಯೇ ನನಗೆ ತಲೆನೋವು ಬಂತು. ಆದರೆ ಅವಳು ಹೇಳಿದ ಸಂಗತಿ ಸರಳವಾಗಿತ್ತು. ಹೊರಗಿನವರು ಬಂದು ಬುದ್ಧಿ ಹೇಳುವುದಲ್ಲ. ಕೆಲಸ ಮಾಡುವವರೇ ತಮ್ಮ ಕೆಲಸ ಎಲ್ಲಿ ಕೆಡುತ್ತಿದೆ ಎಂದು ಕೂತು ಮಾತಾಡಬೇಕು, ಒಂದು ಸಣ್ಣ ಬದಲಾವಣೆ ಮಾಡಿ ನೋಡಬೇಕು, ಏನಾಯಿತೆಂದು ಮತ್ತೆ ಕೂತು ಮಾತಾಡಬೇಕು, ಮತ್ತೆ ಬದಲಿಸಬೇಕು. ಹಾಗೆ ಮಾಡುತ್ತಾ ಮಾಡುತ್ತಾ ಕಂಪನಿಯೇ ಕಲಿಯುತ್ತದೆ.

"ಒಂದೇ ರೂಲ್. ಯಾರು ಮಾಡಿದ್ದು ಅಂತ ಕೇಳೋದು ಬೇಡ. ಯಾಕೆ ಆಯ್ತು ಅಂತ ಕೇಳೋಣ. ಇಲ್ಲಿ ಹೇಳಿದ್ದಕ್ಕೆ ಯಾರಿಗೂ ಶಿಕ್ಷೆ ಇಲ್ಲ" ಎಂದಳು ಹರಿಣಿ. ರಮಾನಾಥ ಸರ್ ತಲೆಯಾಡಿಸಿದರು. ತಲೆಯಾಡಿಸುವುದಕ್ಕೆ ಏನು ಖರ್ಚು!

ಬುಧವಾರ ಮಧ್ಯಾಹ್ನ ಮೊದಲ ಸಭೆ. ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ವಡಾಲದ ಒಂದು ಬಿಲ್ಡಿಂಗಿನ ಲಿಫ್ಟು ಪದೇ ಪದೇ ನಿಲ್ಲುವ ಮಾತು ಬಂತು. ಹರಿಣಿ ಪೆನ್ನು ತೆರೆಯುವುದರೊಳಗೆ ಪರಪ್ಪ ಕಾಕಾ ಗಂಟಲು ಸರಿಮಾಡಿಕೊಂಡು ಕೇಳಿದರು, "ಕಡೀಕ ಅಲ್ಲಿ ಯಾರ ಹೋಗಿದ್ರು?"

ಶ್ರೀಶೈಲ ಎಂಬ ಮೆಕ್ಯಾನಿಕ್ ಕೈಯೆತ್ತಿದ.

"ಒಪ್ಕೋತಿಯೇನೊ?"

"ಹೂಂ ಕಾಕಾ, ಒಪ್ಪೀನಿ."

"ಮುಗೀತು. ವಡಾಪಾವ್ ತರಸು."

ಹರಿಣಿಗೆ ದಿಕ್ಕೇ ತೋಚಲಿಲ್ಲ. ಅವಳ ಕೈಯಲ್ಲೂ ಒಂದು ವಡಾಪಾವ್ ಇಟ್ಟರು. ನನಗೆ ಮೊದಲು ನಗು ಬಂತು, ತಿಂದ ಮೇಲೆ ಸಿಟ್ಟು ಬಂತು. ಯಾಕೆಂದರೆ ಮಾರನೆಯ ದಿನ ಬೆಳಿಗ್ಗೆ ಅದೇ ಬಿಲ್ಡಿಂಗಿನಿಂದ ಅದೇ ಫೋನು. ಕಾಕಾ ಅವರ ನ್ಯಾಯ ಲಿಫ್ಟಿಗೆ ಗೊತ್ತಾಗಿರಲಿಲ್ಲ.

ನಾನು ಕಾಕಾ ಜೊತೆ ಜಗಳಕ್ಕೇ ನಿಂತೆ. "ಕಾಕಾ, ಇದು ನಿಮ್ಮ ಟಾಕಿ ಕಟ್ಟಿ ಅಲ್ಲ. ಆ ಹುಡುಗಿ ಬಾಯಿ ಬಿಡೂದ್ರಾಗ ನೀವು ಮುಗಿಸಿಬಿಟ್ರ ಆಕಿ ಏನ ಮಾಡಬೇಕು?" ಎಂದೆ.

"ತಂಗೀ, ಮಾತ ಎಳದಷ್ಟು ಉದ್ದ ಆಗ್ತೈತಿ. ಮನಶಾನ ಮನಸ್ಸಿನ್ಯಾಗ ಹುಳ ಬೀಳ್ತೈತಿ. ಬಗಿಹರಿಸಿ ಎದ್ದಬಿಡಬೇಕು" ಎಂದರು ಕಾಕಾ. ಅವರ ಮುಖದಲ್ಲಿ ನನ್ನ ಮೇಲೆ ಕನಿಕರವಿತ್ತು, ಅದು ನನ್ನ ಸಿಟ್ಟನ್ನು ಇನ್ನಷ್ಟು ಏರಿಸಿತು.

ಹರಿಣಿ ಬಿಡುವ ಹುಡುಗಿಯಲ್ಲ. ಬುಧವಾರ ತಪ್ಪದೆ ಬಂದಳು. ಕಾಕಾ "ಯಾರ" ಅಂದಾಗೆಲ್ಲ ಅವಳು "ಯಾಕೆ" ಅಂದಳು. ಕೊನೆಗೆ ಮೆಕ್ಯಾನಿಕ್‌ಗಳಿಗೇ ನಗು ಬರತೊಡಗಿತು. ಕಾಕಾ ಬಾಯಿ ತೆರೆದರೆ ಸಾಕು, ಎಲ್ಲರೂ ಒಟ್ಟಿಗೆ "ಯಾಕ, ಯಾಕ" ಎಂದು ಕೂಗುತ್ತಿದ್ದರು. ಕಾಕಾ ಹುಸಿಮುನಿಸಿನಿಂದ ಟೊಪ್ಪಿಗೆ ಸರಿಮಾಡಿಕೊಂಡು ಸುಮ್ಮನಾಗುತ್ತಿದ್ದರು. ಆಮೇಲೆ ಎಲ್ಲರೂ ಸೇರಿ ಒಂದು ಸಣ್ಣ ಪ್ರಯೋಗ ಮಾಡಿದರು. ಲಿಫ್ಟ್ ರಿಪೇರಿ ಮಾಡಿದವನೇ ಮುಂದಿನ ವಾರ ಯಾರೂ ಕರೆಯದಿದ್ದರೂ ಹೋಗಿ ಅದನ್ನು ನೋಡಿ ಬರಬೇಕು. ಮೊದಲು ಒಬ್ಬೊಬ್ಬರು ಒಂದೊಂದು ಕಡೆ ತಿಪ್ಪೆ ಸಾರಿಸಿದ ಹಾಗೆ ಮಾಡಿ ಹೋಗುತ್ತಿದ್ದರಲ್ಲ, ಈಗ ತಮ್ಮ ಕೆಲಸದ ಮುಖವನ್ನು ತಾವೇ ಮತ್ತೆ ನೋಡಬೇಕಾಯಿತು. ನನ್ನ ಫೋನು ನಿಜಕ್ಕೂ ತಣ್ಣಗಾಯಿತು. ಬೆಳಗಿನ ಚಹಾ ಬಿಸಿಯಿರುವಾಗಲೇ ಕುಡಿಯುವ ಭಾಗ್ಯ ಬಂತು. ಆಸೆ ಹುಟ್ಟಿದ್ದೇ ಆವಾಗ, ಹಾಳಾದ ಆಸೆ.

ಒಂದು ಬುಧವಾರ, ಸರ್ ಇಲ್ಲದ ಸಭೆಯಲ್ಲಿ, ಯಲ್ಲಾಲಿಂಗ ಮಾತಾಡಿದ. ಸಿಂದಗಿ ಕಡೆಯವನು, ಕಾಕಾ ಕೈಯಲ್ಲೇ ಕೆಲಸ ಕಲಿತವನು, ಎರಡು ಮಕ್ಕಳ ತಂದೆ. ಸಭೆಯಲ್ಲಿ ಅಲ್ಲಿಯವರೆಗೆ ನಗುವುದಕ್ಕೆ ಬಿಟ್ಟರೆ ಬಾಯಿ ತೆರೆದವನಲ್ಲ.

"ಮೇಡಂ, ಶಿಕ್ಷೆ ಇಲ್ಲ ಅಂದೀರಿ ಅಂತ ಹೇಳಾಕತ್ತೀನಿ. ನಾ ವಡಾಲದಾಗ ಬಾಗಲ ಲಾಕಿಗೆ ಜಂಪರ್ ಹಾಕೀನಿ."

ಜಂಪರ್ ಎಂದರೆ ಒಂದು ಗೇಣು ವಾಯರ್ ತುಂಡು. ಲಿಫ್ಟಿನ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಲಿಫ್ಟ್ ಓಡಬಾರದು, ಅದಕ್ಕೊಂದು ಲಾಕ್ ಇರುತ್ತದೆ. ಲಾಕ್ ಕೆಟ್ಟರೆ ಲಿಫ್ಟ್ ನಿಂತೇಬಿಡುತ್ತದೆ. ಈ ವಾಯರ್ ತುಂಡು ಹಾಕಿದರೆ ಬಾಗಿಲು ಮುಚ್ಚಿದೆ ಎಂದು ಲಿಫ್ಟಿಗೆ ಸುಳ್ಳು ಹೇಳಿದಂತೆ, ಬಾಗಿಲು ತೆರೆದಿದ್ದರೂ ಅದು ಓಡುತ್ತದೆ. ಮಗುವೊಂದು ಕಾಲಿಟ್ಟರೆ ಮುಗಿಯಿತು ಕಥೆ.

"ಯಾಕೆ?" ಎಂದಳು ಹರಿಣಿ, ಮೆಲ್ಲಗೆ.

"ಸ್ಟೋರ್‌ನ್ಯಾಗ ಹೊಸಾ ಲಾಕ್ ಇಲ್ಲ. ಕೇಳಿದ್ರ ಬರ್ತೈತಿ ಅಂತಾರ. ಕೆಳಗ ಸೆಕ್ರೆಟರಿ ಒದರ್ತಾನ. ಇತ್ತ ಆಫೀಸಿನಿಂದ ಅನುರಾಧಾ ಅಕ್ಕಾರು ಸಂಜಿಗಿ ಕಂಪ್ಲೇಂಟ್ ಕ್ಲೋಸ್ ಆಗಬೇಕು ಅಂತಾರ. ಏನ ಮಾಡೂದು ಹೇಳ್ರಿ?"

ಆ ಕೊನೆಯ ಮಾತು ನನಗೇ ತಾಗಿದ್ದು. ನಾನು ಉರಿದುಬಿದ್ದು ಏನೋ ಅನ್ನಲು ಹೊರಟೆ. ಅಷ್ಟರಲ್ಲಿ ಸುತ್ತಲೂ ನೋಡಿದೆ. ಶ್ರೀಶೈಲ ನೆಲ ನೋಡುತ್ತಿದ್ದ. ಅವನ ಪಕ್ಕದವನು ಉಗುರು ಕಚ್ಚುತ್ತಿದ್ದ. ಒಬ್ಬನಿಗೂ ಆಶ್ಚರ್ಯವಾಗಿರಲಿಲ್ಲ. ವಾಯರ್ ಹಾಕಿದವನು ಯಲ್ಲಾಲಿಂಗ ಒಬ್ಬನೇ ಅಲ್ಲ ಎಂದು ನನಗೆ ಆಗ ತಿಳಿಯಿತು. ಹರಿಣಿಗೂ ತಿಳಿದಿರಬೇಕು, ಅವಳ ಕಣ್ಣು ಹೊಳೆಯುತ್ತಿತ್ತು. "ಇದೇ, ಇದೇ ಬೇಕಿತ್ತು. ಮುಂದಿನ ವಾರ ಲಾಕ್ ವಿಷಯವನ್ನೇ ತಗೊಳ್ಳೋಣ, ಸರ್ ಹತ್ತಿರ ಎಲ್ಲರೂ ಒಟ್ಟಿಗೆ ಮಾತಾಡೋಣ" ಎಂದಳು.

ಆದರೆ ಕಾಕಾ ಅವರಿಗೆ ಒಂದು ವಾರ ತಡೆಯಲಿಕ್ಕಾಗಲಿಲ್ಲ. ತಪ್ಪು ಒಪ್ಪಿಕೊಂಡ ಹುಡುಗನನ್ನು ಅಷ್ಟು ದಿನ ತೂಗುಹಾಕುವುದು ಅವರ ಲೆಕ್ಕದಲ್ಲಿ ಪಾಪ. ಮಾರನೆಯ ದಿನವೇ ಯಲ್ಲಾಲಿಂಗನ ಕೈ ಹಿಡಿದುಕೊಂಡು ರಮಾನಾಥ ಸರ್ ಅವರ ಗಾಜಿನ ಕೋಣೆಗೆ ನಡೆದರು. ನನ್ನ ಟೇಬಲ್ಲು ಅದರ ಬಾಗಿಲಲ್ಲೇ ಇದೆ, ಎಲ್ಲ ಕೇಳಿಸುತ್ತದೆ.

"ಸರ್, ಹುಡುಗ ತಪ್ಪ ಮಾಡ್ಯಾನ. ಲಾಕಿಗಿ ವಾಯರ್ ಹಾಕ್ಯಾನ. ತಾನ ಒಪ್ಪಕೊಂಡಾನ. ಬೀಳೋ, ಸಾಹೇಬ್ರ ಕಾಲಿಗಿ ಬೀಳು."

ಯಲ್ಲಾಲಿಂಗ ಬಿದ್ದ. ಕಾಕಾ ಹೊರಗೆ ಬಂದು ನಗುತ್ತಾ, "ಮುಗೀತು ತಂಗಿ. ಎಲ್ಲಾರಿಗೂ ಚಹಾ ಭಜಿ ತರ್ತೀನಿ, ಇದು ನನ್ನ ಲೆಕ್ಕ" ಎಂದು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದರು.

ಒಳಗೆ ರಮಾನಾಥ ಸರ್ ಬೆವರುತ್ತಿದ್ದರು. "ಎಂತ ಮಾಡಿದ್ದು ನೀನು? ನಾಳೆ ಯಾರಾದರೂ ಸತ್ತರೆ ಜೈಲಿಗೆ ಹೋಗುವವ ನಾನು, ನೀನಲ್ಲ. ಗೊತ್ತುಂಟಾ?" ಎಂದರು. ಮೆಕ್ಯಾನಿಕ್‌ಗಳನ್ನೆಲ್ಲ ಬಾಗಿಲಿಗೆ ಕರೆದು, "ಬೇರೆ ಯಾರು ಹಾಕಿದ್ದೀರಿ, ಈಗಲೇ ಹೇಳಿ" ಎಂದು ಕೇಳಿದರು. ನಾವಲ್ಲ, ನಾವಲ್ಲ ಎಂದರು ಎಲ್ಲರೂ. ಶ್ರೀಶೈಲನೂ ಇಲ್ಲ ಎಂದು ತಲೆಯಾಡಿಸಿದ. ಹಾಗಾದರೆ ಕಂಪನಿಯಲ್ಲಿ ಕೆಟ್ಟವನು ಒಬ್ಬನೇ, ಅವನು ಹೋದರೆ ಎಲ್ಲ ಸರಿಯಾಗುತ್ತದೆ ಎಂದು ಸರ್ ಅವರಿಗೆ ಸಮಾಧಾನವಾಯಿತು. ಆ ಸಮಾಧಾನ ನೋಡಿ ನಾನು ಕುರ್ಚಿ ಹಿಂದೆ ತಳ್ಳಿ ಎದ್ದೆ. "ಶಿಕ್ಷೆ ಇಲ್ಲ ಅಂತ ನೀವೂ ಅಲ್ಲೇ ಕೂತು ತಲಿ ಅಲ್ಲಾಡಿಸಿದ್ರಲ್ರೀ ಸರ್" ಎಂದೆ. "ಅನುರಾಧಾ, ಫೋನ್ ನೋಡಿ ನಿಮ್ಮದು" ಎಂದರು.

ಕಾಕಾ ಒಂದು ಕೈಯಲ್ಲಿ ಚಹಾದ ಕಿಟ್ಲಿ, ಇನ್ನೊಂದು ಕೈಯಲ್ಲಿ ಭಜಿಯ ಪೊಟ್ಟಣ ಹಿಡಿದು ಏದುಸಿರು ಬಿಡುತ್ತ ಮೇಲೆ ಬಂದಾಗ ಯಲ್ಲಾಲಿಂಗ ತನ್ನ ರಿಪೇರಿ ಹತ್ಯಾರಗಳ ಬ್ಯಾಗನ್ನು ನನ್ನ ಟೇಬಲ್ಲಿನ ಮೇಲೆ ಇಡುತ್ತಿದ್ದ. ಕಾಕಾ ಮೊದಲು ಬ್ಯಾಗು ನೋಡಿದರು, ಆಮೇಲೆ ಅವನ ಮುಖ ನೋಡಿದರು.

"ಯಾಕೊ? ಒಪ್ಪಕೊಂಡೆಲ್ಲ?"

"ಒಪ್ಪಕೊಂಡೀನಿ ಕಾಕಾ. ಅದಕ್ಕ ತಗದ್ರು."

ಆ ಭಜಿಯನ್ನು ಯಾರೂ ಮುಟ್ಟಲಿಲ್ಲ. ಸಂಜೆ ಕಸದ ಬುಟ್ಟಿಗೆ ಹಾಕಿದವಳು ನಾನೇ.

ಮುಂದಿನ ಬುಧವಾರ ಹರಿಣಿ ಬಂದು ಕುರ್ಚಿ ದುಂಡಗೆ ಹಾಕಿ ಕೂತಳು. ಏನು ಕಷ್ಟವಿದೆ ಎಂದು ಕೇಳಿದಳು. "ಸಬ್ ಠೀಕ್ ಹೈ ಮೇಡಂ." ಬದಲಿಸಬೇಕಾದದ್ದು ಏನಾದರೂ? "ಸಬ್ ಠೀಕ್." ಅವಳು ಬಾತ್‌ರೂಮಿಗೆ ಹೋಗಿ ಅತ್ತು ಬಂದಳು, ಕಣ್ಣು ಕೆಂಪಾಗಿತ್ತು. ರಮಾನಾಥ ಸರ್ ಮಾತ್ರ ಖುಷಿಯಾಗಿದ್ದರು. ಕಂಪ್ಲೇಂಟ್ ಕಡಿಮೆ, ಜಗಳ ಕಡಿಮೆ, ಗೋಡೆಗೆ 'ಕಲಿಯುವ ಸಂಸ್ಥೆ' ಎಂದು ಬಣ್ಣದ ಪೋಸ್ಟರ್ ಬೇರೆ ಹಚ್ಚಿಸಿದರು. ಕಂಪನಿ ಕಲಿತದ್ದು ಬಾಯಿ ಮುಚ್ಚಿಕೊಳ್ಳುವುದನ್ನು! ಆ ಪೋಸ್ಟರ್ ನೋಡಿದಾಗೆಲ್ಲ ಹರಿದು ಎಸೆಯಬೇಕು ಅನ್ನಿಸುತ್ತಿತ್ತು.

ಯಲ್ಲಾಲಿಂಗನಿಗೆ ಕೆಲಸವಿರಲಿಲ್ಲ. ವಡಾಲದ ಲಿಫ್ಟುಗಳಲ್ಲಿ ವಾಯರ್ ತುಂಡುಗಳು ಹಾಗೇ ಇದ್ದವು, ಕಿತ್ತರೆ ಲಿಫ್ಟು ನಿಲ್ಲುತ್ತದೆಂದು ಯಾರೂ ಕೈ ಹಾಕಲಿಲ್ಲ. ಆ ಲಿಫ್ಟುಗಳಲ್ಲೇ ಜನ ದಿನಾ ಹತ್ತಿ ಇಳಿಯುತ್ತಿದ್ದರು.

ಭಾನುವಾರ ನಾನು ಟಾಕಿ ಕಟ್ಟೆಯ ಕಡೆ ಹೋದೆ, ಕಾಕಾ ಅವರಿಗೆ ನಾಲ್ಕು ಮಾತು ಆಡಿ ಬರೋಣ ಎಂದೇ ಹೋದೆ. ಹೋಗಿ ನೋಡಿದರೆ ಕಟ್ಟೆ ಖಾಲಿ. ಕಾಕಾ ಕೆಳಗೆ, ತಪ್ಪು ಮಾಡಿದವರು ಕೂರುವ ಜಾಗದಲ್ಲಿ, ನೆಲದ ಮೇಲೆ ಕೂತಿದ್ದರು. ಅವರ ಹೆಂಡತಿ ಲಕ್ಷ್ಮವ್ವ ಪಕ್ಕದಲ್ಲಿ ನಿಂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಎದುರಿಗೆ ಯಲ್ಲಾಲಿಂಗನ ಹೆಂಡತಿ ಶಿವಕುಮಾರಿ. ಯಲ್ಲಾಲಿಂಗ ಬಂದಿರಲಿಲ್ಲ.

"ತಪ್ಪ ನಂದು, ಒಪ್ಪಕೊಂಡೀನಿ ತಾಯಿ. ಏನ ದಂಡಾ ಹಾಕ್ತಿ ಹಾಕು. ಇಲ್ಲಿದ್ದ ಮಂದಿಗೆಲ್ಲ ಊಟಾ ಹಾಕಂದ್ರ ಹಾಕ್ತೀನಿ" ಎಂದರು ಕಾಕಾ.

ಶಿವಕುಮಾರಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಹೇಳಿದಳು, "ದಂಡಾ ಬ್ಯಾಡ್ರಿ ಕಾಕಾ. ಊಟಾನೂ ಬ್ಯಾಡ. ನಾ ಈಗ ಹೂಂ ಅಂದ್ರ ನೀವು ಮುಗೀತು ಅಂದ ಎದ್ದಹೋಗ್ತೀರಿ. ಇದನ್ನ ಮುಗಸಬ್ಯಾಡ್ರಿ."

ಇಷ್ಟು ಹೇಳಿ ಹೋಗಿಬಿಟ್ಟಳು. ಆ ಕಟ್ಟೆಯ ಮುಂದೆ ಹಾಗೆ ಯಾರೂ ಎದ್ದುಹೋದದ್ದಿಲ್ಲ. ಕಾಕಾ ಬಿಸಿಲು ಸರಿಯುವವರೆಗೂ ನೆಲದ ಮೇಲೇ ಕೂತಿದ್ದರು. ನಾನು ಬಂದ ಕೆಲಸ ಬಿಟ್ಟು ಮನೆಗೆ ಹೊರಟೆ.

ಬುಧವಾರ ಬೆಳಿಗ್ಗೆ ನನ್ನ ಫೋನು ಹುಚ್ಚು ಹಿಡಿದಂತೆ ಬಾರಿಸತೊಡಗಿತು. ವಡಾಲದ ಒಂದೇ ಕಾಲೋನಿ, ಅಲ್ಲಿಯ ಒಂದಾದ ಮೇಲೊಂದು ಬಿಲ್ಡಿಂಗು. ಲಿಫ್ಟ್ ಬಂದ್, ಲಿಫ್ಟ್ ಬಂದ್. ಕೊನೆಗೆ ಒಬ್ಬ ಸೆಕ್ರೆಟರಿ ಬೈಯುವುದನ್ನು ನಿಲ್ಲಿಸಿ ಗೊಂದಲದಿಂದ ಕೇಳಿದ, "ಮೇಡಂ, ಆಪ್ ಕಾ ಬುಡ್ಢಾ ಮೆಕ್ಯಾನಿಕ್ ನೀಚೆ ಖಡಾ ಹೈ. ಲಿಫ್ಟ್ ಬಂದ್ ಕರ್ ಕೆ ಸಬ್ ಕಾ ಸಾಮಾನ್ ಊಪರ್ ಲೇಕೆ ಜಾ ರಹಾ ಹೈ. ಕ್ಯಾ ಚಲ್ ರಹಾ ಹೈ?"

ನಮ್ಮ ಕಾಕಾ ಬೆಳ್ಳಂಬೆಳಿಗ್ಗೆ ಹೋಗಿ ಸಿಕ್ಕಸಿಕ್ಕ ವಾಯರ್ ತುಂಡನ್ನೆಲ್ಲ ಕಿತ್ತಿದ್ದರು. ಲಾಕ್ ಕೆಟ್ಟ ಲಿಫ್ಟುಗಳೆಲ್ಲ ನಿಂತಲ್ಲೇ ನಿಂತವು. ಆಮೇಲೆ ಮುದುಕಿಯರ ತರಕಾರಿ ಚೀಲ, ಹಾಲಿನ ಕ್ಯಾನು, ಮಕ್ಕಳ ಸ್ಕೂಲ್ ಬ್ಯಾಗು ಹೊತ್ತು ಮಹಡಿ ಮಹಡಿ ಹತ್ತಿ ಇಳಿದರು. ಹರೆಯದಲ್ಲಿ ಬಿಟ್ಟ ಕೆಲಸವನ್ನು ಆ ವಯಸ್ಸಿನಲ್ಲಿ ಮತ್ತೆ ಮಾಡಿದರು.

ಮಧ್ಯಾಹ್ನ ಸಭೆಗೆ ಬಂದಾಗ ಅವರ ಅಂಗಿ ಬೆನ್ನಿಗೆ ಅಂಟಿತ್ತು. ರಮಾನಾಥ ಸರ್ ಕೂತಿರಲಿಲ್ಲ, ಕುರ್ಚಿಗಳ ನಡುವೆ ನಿಂತು ಕೂಗುತ್ತಿದ್ದರು. "ಯಾರು ಮಾಡಿದ್ದು ಇದು? ಅರ್ಧ ಕಾಲೋನಿ ನಿಲ್ಲಿಸಿದ್ದಾರೆ! ಯಾರು?"

ಕಾಕಾ ಜೇಬಿಗೆ ಕೈ ಹಾಕಿ ವಾಯರ್ ತುಂಡುಗಳನ್ನು ಟೇಬಲ್ಲಿನ ಮೇಲೆ ಸುರಿದರು. ಕೆಂಪು, ಕಪ್ಪು, ಹಸಿರು, ಒಬ್ಬೊಬ್ಬ ಮೆಕ್ಯಾನಿಕ್‌ನದು ಒಂದೊಂದು ಬಣ್ಣ.

"ಯಾರ ಅಂತ ಕೇಳಬ್ಯಾಡ್ರಿ ಸರ್. ಯಾಕ ಅಂತ ಕೇಳ್ರಿ."

ಹರಿಣಿ ತಲೆಯೆತ್ತಿದಳು. ಸರ್ ಆ ತುಂಡುಗಳನ್ನು ನೋಡಿದರು, ಮೆಕ್ಯಾನಿಕ್‌ಗಳ ಮುಖ ನೋಡಿದರು, ಕುರ್ಚಿಯಲ್ಲಿ ಕುಸಿದು ಕೂತರು. "ಇಷ್ಟಾ?" ಎಂದರು. ಒಳಗೆ ನನ್ನ ಫೋನು ಬಾರಿಸುತ್ತಲೇ ಇತ್ತು. ಆಮೇಲೆ ಶ್ರೀಶೈಲ ಮಾತಾಡಿದ, ಇನ್ನೊಬ್ಬನೂ ಮಾತಾಡಿದ. ಯಾರೂ ವಡಾಪಾವ್ ತರಿಸಲಿಲ್ಲ.

ಎಲ್ಲ ಸುಖಾಂತ್ಯವಾಯಿತು ಅಂದುಕೊಳ್ಳಬೇಡಿ. ಹೊಸ ಲಾಕ್ ಬಂದವು, ಆದರೆ ಆ ಒಂದು ಕಾಲೋನಿಗೆ ಮಾತ್ರ. ಉಳಿದ ಕಡೆ "ನೋಡುವ ನೋಡುವ" ಎಂದು ಸರ್ ಮಾತು ತೇಲಿಸಿದರು. ಹೇಳದೆ ಕೇಳದೆ ಲಿಫ್ಟ್ ನಿಲ್ಲಿಸಿದ್ದಕ್ಕೆ ಕಾಕಾ ಅವರನ್ನು ಹೊರಗಿನ ಕೆಲಸದಿಂದ ತೆಗೆದು ಸ್ಟೋರ್‌ನಲ್ಲಿ ಕೂರಿಸಿದರು. ಪೋಸ್ಟರ್ ಗೋಡೆಯ ಮೇಲೆ ಹಾಗೇ ಇದೆ. ಆದರೆ ಅಷ್ಟು ಲಾಕ್ ಕೂಡಿಸಲು ಕೈ ಸಾಲದೆ ಒಂದು ದಿನ ಸರ್ ತಾವಾಗಿಯೇ ಹೇಳಿದರು, "ಆ ಯಲ್ಲಾಲಿಂಗನಿಗೆ ಫೋನ್ ಮಾಡಿ. ಬರಲಿಕ್ಕೆ ಹೇಳಿ."

ನಾನು ಸ್ಟೋರ್‌ಗೆ ಓಡಿಹೋಗಿ ಕಾಕಾ ಅವರನ್ನು ಎಳೆದುಕೊಂಡು ಬಂದೆ. ಸ್ಪೀಕರ್ ಹಾಕಿ ಫೋನು ಮಾಡಿದೆ. ಯಲ್ಲಾಲಿಂಗ ಭಾಂಡುಪ್‌ನಲ್ಲಿ ಬೇರೆ ಲಿಫ್ಟ್ ಕಂಪನಿ ಸೇರಿದ್ದ.

"ಬರಂಗಿಲ್ಲಕ್ಕ. ಇಲ್ಲಿ ಎಲ್ಲಾ ಬರೊಬ್ಬರಿ ಐತಿ, ಚಲೋ ನಡದೈತಿ."

"ಅಲ್ಲಿ ಲಾಕ್ ಕೆಟ್ಟರ ಹೊಸಾವು ಕೊಡತಾರೇನೋ?"

ಅವನು ನಕ್ಕ. "ಎಲ್ಲಿ ಕೊಡ್ತಾರಕ್ಕ! ಇಲ್ಲೂ ವಾಯರ ಗತಿ. ಆದ್ರ ಇಲ್ಲಿ ನಾ ಯಾರ ಮುಂದೂ ಹೇಳಂಗಿಲ್ಲ."

ಕಾಕಾ ನನ್ನ ಕೈಯಿಂದ ಫೋನು ಕಸಿದುಕೊಂಡರು. "ತಮ್ಮಾ, ನಾ ಪರಪ್ಪ. ವಾಪಸ್ ಬಾರೋ. ಇಲ್ಲಿ ಈಗ ಹೇಳಬಹುದೋ. ತಪ್ಪ ನಂದಾತು."

"ಅಯ್ಯ ಕಾಕಾ, ಅದು ಯಾವಾಗೋ ಮುಗೀತಲ್ರಿ. ಬಿಡ್ರಿ" ಎಂದ ಯಲ್ಲಾಲಿಂಗ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕಾಕಾ ಕಲಿಸಿದಂತೆಯೇ, ಮನಸ್ಸಿನಲ್ಲಿ ಹುಳ ಇಟ್ಟುಕೊಳ್ಳದೆ ಹೇಳಿದ.

"ಮುಗದಿಲ್ಲೋ!" ಎಂದು ಕಾಕಾ ಕೂಗಿದರು. "ಮುಗದಿಲ್ಲೋ ಯಲ್ಲಾಲಿಂಗ, ಕೇಳಿಲ್ಲಿ..."

ಅವನು ಆಗಲೇ ಫೋನು ಇಟ್ಟಿದ್ದ.